ಮರಕ್ಕೆ ಬೀಸದ ಗಾಳಿ

ನವೆಂಬರಿನ ಒಂದು ಮಂಗಳವಾರ ನಮ್ಮ ವಿಭಾಗದ ಮುಖ್ಯಸ್ಥೆ ನನ್ನ ಮೇಜಿನ ಬಳಿ ಬಂದು, ಕುರ್ಚಿ ಎಳೆದುಕೊಳ್ಳದೆ ನಿಂತುಕೊಂಡೇ, "ನಿಮ್ಮಿಂದ ಒಂದು ತಾಂತ್ರಿಕ ನಿರಾಕರಣೆ ಬೇಕಿತ್ತು" ಎಂದರು. ಚಹಾಕ್ಕೆ ಸಕ್ಕರೆ ಕೇಳುವ ದನಿ. ಅವರ ಕೈಯಲ್ಲಿ ಒಂದು ಅರ್ಜಿ ಇತ್ತು.

ಉತ್ತರ ಲಂಡನ್ನಿನ ಒಂದು ಕೌನ್ಸಿಲಿನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ನಾನು ಎಂಜಿನಿಯರ್. ಬಯಲಿನಲ್ಲಿ ನಾಲ್ಕು ದಿನಕ್ಕೆಂದು ನಿಲ್ಲಿಸುವ ವೇದಿಕೆ, ಕಮಾನು, ದೊಡ್ಡ ಪರದೆ, ಮೈತುಂಬ ಬಲ್ಬು ಹೊತ್ತ ಹಿಮಸಾರಂಗ ಇವೆಲ್ಲ ಜನರ ತಲೆಯ ಮೇಲೆ ಬೀಳುವುದಿಲ್ಲ ಎಂದು ಲೆಕ್ಕ ಮಾಡಿ ಸಹಿ ಹಾಕುವುದು ನನ್ನ ಕೆಲಸ. ನನ್ನ ಸಹಿ ಇಲ್ಲದೆ ಟೌನ್ ಹಾಲ್ ಮುಂದಿನ ಚೌಕದಲ್ಲಿ ಏನೂ ನಿಲ್ಲುವಂತಿಲ್ಲ. ಈ ಸಹಿಗೆ ಬೆಲೆ ಇದೆ ಎಂದು ಆವರೆಗೆ ನಂಬಿಕೊಂಡಿದ್ದೆ.

ಅರ್ಜಿ ಬಂದದ್ದು ಹತ್ತಿರದ ಯಹೂದಿ ಪ್ರಾರ್ಥನಾ ಮಂದಿರದಿಂದ. ಡಿಸೆಂಬರಿನಲ್ಲಿ ಬರುವ ಹನುಕ್ಕಾ ಹಬ್ಬದ ಎಂಟು ದಿನ, ಚೌಕದಲ್ಲಿ ಹದಿನೈದು ಅಡಿ ಎತ್ತರದ ಮೆನೋರಾ ನಿಲ್ಲಿಸಲು ಅನುಮತಿ ಕೇಳಿದ್ದರು. ಮೆನೋರಾ ಎಂದರೆ ಅವರ ದೀಪಸ್ತಂಭ. ಮೊದಲ ಸಂಜೆ ಒಂದು ದೀಪ, ಎರಡನೆಯ ಸಂಜೆ ಎರಡು, ಹೀಗೆ ಎಂಟರವರೆಗೆ. ನಡುವೆ ಒಂಬತ್ತನೆಯದೊಂದು ಇರುತ್ತದೆ, ಅದರಿಂದ ಉಳಿದವನ್ನು ಹಚ್ಚುವುದು. ಮನೆಯಲ್ಲಾದರೂ ಈ ದೀಪವನ್ನು ಬೀದಿಯಲ್ಲಿ ಹೋಗುವವರಿಗೆ ಕಾಣುವಂತೆ ಕಿಟಕಿಯಲ್ಲಿ ಇಡಬೇಕಂತೆ. ಕಾಣುವುದೇ ಅದರ ಉದ್ದೇಶ.

ನಗು ಬರುವ ವಿಷಯವೆಂದರೆ, ಅದೇ ವರ್ಷದ ಬೇಸಿಗೆಯಲ್ಲಿ ನಮ್ಮ ಕೌನ್ಸಿಲ್ ಹನುಕ್ಕಾವನ್ನು ಅಧಿಕೃತವಾಗಿ ಮಾನ್ಯ ಮಾಡಿತ್ತು. ಸರ್ವಾನುಮತದ ಗೊತ್ತುವಳಿ. ಒಬ್ಬರಾದ ಮೇಲೆ ಒಬ್ಬರು ಸದಸ್ಯರು ಎದ್ದು ವೈವಿಧ್ಯದ ಬಗ್ಗೆ ಗಂಟಲು ತುಂಬಿಸಿಕೊಂಡು ಮಾತಾಡಿದ್ದರು. ಆ ಗೊತ್ತುವಳಿಗೆ ಚೌಕಟ್ಟು ಹಾಕಿಸಿ ಎರಡನೇ ಮಹಡಿಯ ಲಿಫ್ಟಿನ ಪಕ್ಕ ತೂಗುಹಾಕಿದ್ದರು. ಜೂನ್ ತಿಂಗಳ ಬಿಸಿಲಿನಲ್ಲಿ ಡಿಸೆಂಬರಿನ ದೀಪವನ್ನು ಹೊಗಳಲು ಯಾವ ಧೈರ್ಯವೂ ಬೇಡ. ಈಗ ದೀಪದವರು ನಿಜವಾಗಿಯೂ ದೀಪ ತೆಗೆದುಕೊಂಡು ಬಾಗಿಲಿಗೆ ಬಂದಾಗ ಎಲ್ಲರಿಗೂ ಬೇರೆ ಬೇರೆ ಕೆಲಸ ನೆನಪಾಯಿತು.

"ಯಹೂದಿಗಳ ವಿಷಯದಲ್ಲಿ ಈಗಿನ ಪರಿಸ್ಥಿತಿ ನಿಮಗೆ ಗೊತ್ತಲ್ಲ" ಎಂದರು ಮುಖ್ಯಸ್ಥೆ. "ಯಾರಾದರೂ ಬಂದು ಬಣ್ಣ ಎರಚಬಹುದು. ಇನ್ಯಾರೋ ಅದನ್ನು ಫೋನಿನಲ್ಲಿ ಹಿಡಿಯಬಹುದು. ಪರ, ವಿರೋಧ ಎರಡೂ ಕಡೆಯಿಂದ ಇಮೇಲ್ ಬರುತ್ತವೆ. ಉತ್ತರ ಬರೆಯಬೇಕಾದವಳು ನಾನು."

"ಪೊಲೀಸರು ಏನೆಂದರು?" ಎಂದು ಕೇಳಿದೆ.

"ಅವರಿಗೇನೂ ಆಕ್ಷೇಪಣೆ ಇಲ್ಲವಂತೆ" ಎಂದರು, ಪೊಲೀಸರು ತಮಗೆ ಮೋಸ ಮಾಡಿದರು ಎಂಬಂತೆ. "ಬೇಡ ಎಂದು ನಾವು ಹೇಳುವ ಹಾಗಿಲ್ಲ, ಗೊತ್ತುವಳಿ ಇದೆ. ಆದರೆ ಗಾಳಿಯ ಕಾರಣಕ್ಕೆ ನಿಲ್ಲುವುದಿಲ್ಲ ಎಂದು ನೀವು ಹೇಳಿದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಲೈಬ್ರರಿಯ ಮೇಲಿನ ಕೋಣೆಯಲ್ಲಿ ಚಿಕ್ಕದೊಂದನ್ನು ಇಟ್ಟುಕೊಳ್ಳಲಿ. ಬೆಚ್ಚಗೂ ಇರುತ್ತದೆ."

ಬೆಚ್ಚಗೂ ಇರುತ್ತದೆ! ಆ ಕೋಣೆಗೆ ಬೀದಿಯ ಕಡೆ ಒಂದು ಕಿಟಕಿಯೂ ಇಲ್ಲ.

ಈ ಹೆಂಗಸಿನ ಬಗ್ಗೆ ನನಗೆ ಆಗ ಹುಟ್ಟಿದ ತಿರಸ್ಕಾರ ಈಗಲೂ ಇಳಿದಿಲ್ಲ. ಆದರೆ ಆಕೆ ಹೋದಮೇಲೆ ನಾನು ಮಾಡಿದ್ದೇನು? ಕಂಪ್ಯೂಟರ್ ತೆರೆದು ಲೆಕ್ಕಕ್ಕೆ ಕುಳಿತೆ. ಜನವರಿಯಲ್ಲಿ ಹಿರಿಯ ಎಂಜಿನಿಯರ್ ಹುದ್ದೆಗೆ ಸಂದರ್ಶನವಿತ್ತು. ಮೇಜಿನ ಆಚೆ ಕೂರುವವರು ಇವರೇ. ಆದ್ದರಿಂದ ಬಾಲ ಮುದುಡಿಕೊಂಡ ನಾಯಿಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ.

ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಚೌಕದ ಕೆಳಗೆ ಕಾರ್ ಪಾರ್ಕಿಂಗ್ ಇದೆ, ಹಾಗಾಗಿ ನೆಲ ಅಗೆಯುವಂತಿಲ್ಲ. ಅಲ್ಲಿ ನಿಲ್ಲುವ ಯಾವುದೇ ವಸ್ತು ತನ್ನ ಬುಡಕ್ಕೆ ಇಟ್ಟ ಕಾಂಕ್ರೀಟ್ ದಿಮ್ಮಿಗಳ ಭಾರದಿಂದಲೇ ನಿಲ್ಲಬೇಕು. ಗಾಳಿ ಉರುಳಿಸಲು ನೋಡುತ್ತದೆ, ಭಾರ ತಡೆಯುತ್ತದೆ. ತಡೆಯುವ ಶಕ್ತಿ ಉರುಳಿಸುವ ಶಕ್ತಿಯ ಒಂದೂವರೆ ಪಟ್ಟಾದರೂ ಇರಬೇಕು ಎಂಬುದು ನಾವು ಅನುಸರಿಸುವ ನಿಯಮ. ಗಾಳಿಯ ಬಲ ಎಷ್ಟು ಎಂಬುದು ಎದುರಿಗೆ ಸಿಗುವ ಮೈಯನ್ನು ಅವಲಂಬಿಸಿದೆ. ಮೆನೋರಾ ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟು. ಒಂದು ಕಂಬ, ಎರಡೂ ಕಡೆ ನಾಲ್ಕು ನಾಲ್ಕು ಕೈ, ನಡುವೆ ಎಲ್ಲ ಖಾಲಿ. ಗಾಳಿ ಆ ಸಂದುಗಳಲ್ಲಿ ತೂರಿಹೋಗುತ್ತದೆ. ನಾನು ಆ ಸಂದುಗಳನ್ನೆಲ್ಲ ಮುಚ್ಚಿಬಿಟ್ಟೆ. ಅಂದರೆ ಲೆಕ್ಕದಲ್ಲಿ ಅದನ್ನು ಜಾಹೀರಾತಿನ ಹಲಗೆಯಂತೆ ಒಂದೇ ಗಟ್ಟಿ ತಗಡು ಎಂದು ಹಿಡಿದೆ. ಉತ್ತರ ಅರ್ಧಕ್ಕೆ ಇಳಿಯಿತು. ಒಂದೂವರೆ ಬೇಕಾದಲ್ಲಿ ಅರ್ಧ. "ಸುರಕ್ಷಿತವಲ್ಲ, ಶಿಫಾರಸು ಮಾಡಲಾಗದು" ಎಂದು ಬರೆದು ಸಹಿ ಹಾಕಿದೆ. ಆ ಚೌಕಟ್ಟು ಪಾರ್ಕ್ ರಾಯಲ್ ಎಂಬ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ತಯಾರಾಗಿ ನಿಂತಿತ್ತು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹೋಗಿ ನೋಡಲೂ ಇಲ್ಲ.

ಶುಕ್ರವಾರ ಪತ್ರ ಹೋಯಿತು. ಮುಖ್ಯಸ್ಥೆ ಹೆಬ್ಬೆರಳಿನ ಚಿತ್ರವೊಂದನ್ನು ಕಳುಹಿಸಿದರು.

ಸೋಮವಾರ ಬೆಳಿಗ್ಗೆ ಕೆಳಗಿನ ರಿಸೆಪ್ಷನ್‌ನಿಂದ ಫೋನು. ಪ್ರಾರ್ಥನಾ ಮಂದಿರದ ಕಡೆಯಿಂದ ಒಬ್ಬರು ಬಂದಿದ್ದಾರೆ, ಲೆಕ್ಕ ಮಾಡಿದವರನ್ನೇ ನೋಡಬೇಕಂತೆ. ಇಳಿದು ಹೋದೆ. ಎಂಬತ್ತು ದಾಟಿದ ಮುದುಕ, ಉಣ್ಣೆಯ ಟೊಪ್ಪಿ, ಮಡಿಲಲ್ಲಿ ಕಂದು ಬಣ್ಣದ ಹಳೆಯ ಚೀಲ. ಕೆಲಸದಲ್ಲಿದ್ದಾಗ ಸೇತುವೆಗಳ ಎಂಜಿನಿಯರ್ ಆಗಿದ್ದರಂತೆ. ಚೀಲದಿಂದ ಪೆನ್ಸಿಲಿನಲ್ಲಿ ಬರೆದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

"ನನ್ನ ಲೆಕ್ಕದಲ್ಲಿ ಎರಡು ಬರುತ್ತದೆ. ನಿಮ್ಮ ಪತ್ರದಲ್ಲಿ ಅರ್ಧ ಎಂದಿದೆ. ಇಬ್ಬರಲ್ಲಿ ಒಬ್ಬರು ತಪ್ಪಿದ್ದೇವೆ. ನನಗೆ ವಯಸ್ಸಾಗಿದೆ, ನನ್ನದೇ ಇರಬಹುದು. ನಿಮ್ಮ ಹಾಳೆ ತೋರಿಸಿ."

"ಅದು ಆಂತರಿಕ ದಾಖಲೆ, ಕೊಡಲು ಬರುವುದಿಲ್ಲ" ಎಂದೆ. ಇಂಥ ಮಾತು ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ನನಗೇ ಆಶ್ಚರ್ಯ.

ಅವರು ಸಿಟ್ಟಾಗಲಿಲ್ಲ. ಹಾಳೆಗಳನ್ನು ಮಡಚಿಟ್ಟು ಹೇಳಿದರು: "ಈ ದೀಪವನ್ನು ಹೊರಗೆ ಕಾಣುವಂತೆ ಇಡಬೇಕು ಎಂಬುದು ನಮ್ಮ ಕ್ರಮ. ಆದರೆ ಅಪಾಯದ ಕಾಲವಾದರೆ ಒಳಗೆ ಮೇಜಿನ ಮೇಲೆ ಇಟ್ಟರೂ ಸಾಕು ಎಂಬ ಅನುಕೂಲವೂ ನಮ್ಮಲ್ಲಿದೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಾಗೇ ಇಡುತ್ತಿದ್ದೆವು. ಇಲ್ಲಿ ಅಲ್ಲ, ಬೇರೆ ದೇಶದಲ್ಲಿ. ಪರದೆ ಎಳೆದು. ಆದ್ದರಿಂದ ನಾನು ಜಗಳಕ್ಕೆ ಬಂದಿಲ್ಲ. ಯಾವ ಅಪಾಯ ಎಂದಷ್ಟೇ ಕೇಳಲು ಬಂದೆ. ಗಾಳಿಯಾದರೆ ಲೆಕ್ಕ ತೋರಿಸಿ, ದಿಮ್ಮಿ ಹೆಚ್ಚಿಸುತ್ತೇವೆ. ಗಾಳಿಯಲ್ಲದಿದ್ದರೆ ಅದನ್ನೇ ಬರೆದು ಕೊಡಿ. ನಾವು ಒಳಗೆ ಇಟ್ಟುಕೊಳ್ಳುತ್ತೇವೆ, ಯಾಕೆ ಒಳಗೆ ಇಟ್ಟೆವು ಎಂದು ಮೊಮ್ಮಕ್ಕಳಿಗೆ ಹೇಳಬೇಕಲ್ಲ."

ನಾನು ಏನು ಉತ್ತರ ಕೊಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ. "ವಿಚಾರಿಸಿ ತಿಳಿಸುತ್ತೇವೆ" ಎಂದೆ.

ಮಧ್ಯಾಹ್ನ ಊಟಕ್ಕೆ ಕುಳಿತೆ. ಎದುರಿಗೆ ಕುಳಿತವಳು ಲೈಸೆನ್ಸಿಂಗ್ ವಿಭಾಗದ ಮಂಡ್ಯದ ಹೆಂಗಸು. ಅರ್ಜಿಗಳನ್ನು ತೆರೆದು, ನಂಬರು ಕೊಟ್ಟು ನಮಗೆ ಕಳುಹಿಸುವುದು ಅವಳ ಕೆಲಸ. ಈ ಕಟ್ಟಡದಲ್ಲಿ ಕನ್ನಡ ಬರುವವರು ನಾವಿಬ್ಬರೇ. ಮನೆಯಲ್ಲಿ ನನ್ನದು ಕೊಂಕಣಿ, ನಾವು ಉಡುಪಿ ಕಡೆಯ ಕ್ರೈಸ್ತರು. ಆದರೆ ಕೌನ್ಸಿಲನ್ನು ಬೈಯುವುದಕ್ಕೆ ಇವಳ ಜೊತೆಗಿನ ಕನ್ನಡವೇ ಆಗಬೇಕು.

"ಯಾಕಣ್ಣ, ಅನ್ನ ಕೆದಕ್ತಾ ಕುಂತಿದ್ದೀರಿ?" ಎಂದಳು.

"ಎಂತದೂ ಇಲ್ಲ ಮಾರಾಯ್ತಿ. ಆ ದೀಪದ ಫೈಲ್ ಉಂಟಲ್ಲ, ಅದೊಂದು ರಗಳೆ."

"ನಾನೂ ಓದ್ದೆ ನಿಮ್ ರಿಪೋರ್ಟ್‌ನ. ಗಾಳಿಗೆ ಬಿದ್ದೋಯ್ತದೆ ಅಂತ ಬರ್ದಿದ್ದೀರಿ. ಅಲ್ಲಾ ಕಣಣ್ಣ, ಅದ್ರ ಪಕ್ಕದಾಗೇ ನಿಮ್ ಹಬ್ಬದ ಮರ ನಿಲ್ಲುಸ್ತೀರಲ್ಲ, ಮೂವತ್ತಡಿದು. ಅದ್ಕೆ ಗಾಳಿ ಬೀಸಕ್ಕಿಲ್ವಾ?"

"ಮರದ್ದು ಬೇರೆ."

"ಏನ್ ಬೇರೆ? ಫೈಲ್ ನಾನ್ ನೋಡಿವ್ನಿ. ಒಂದು ಹಾಳೆ ಲೆಕ್ಕ ಇಲ್ಲ ಅದ್ರಾಗೆ. ಪ್ರತಿ ವರ್ಸ ಒಂದು ಫೋಟೋ, ಕೆಳ್ಗೆ 'ಕಳೆದ ವರ್ಷದಂತೆ' ಅಂತ. ಸೈನು ಯಾರ್ದು ಏಳಿ?"

ಸೈನು ನನ್ನದು. ಕ್ರಿಸ್ಮಸ್ ಮರದ ಫೈಲಿಗೆ ವರ್ಷವರ್ಷವೂ ಎರಡು ನಿಮಿಷದಲ್ಲಿ "ಕಳೆದ ವರ್ಷದಂತೆ" ಎಂದು ಬರೆದು ಸಹಿ ಮಾಡುತ್ತ ಬಂದವನು ನಾನೇ. ನನ್ನ ಮನೆಯಲ್ಲಿ ಬಾಲಯೇಸುವಿನ ಗೋದಲಿಯ ಪಕ್ಕ ನಿಲ್ಲುವ ಮರದ ದೊಡ್ಡ ಅಣ್ಣ ಅದು. ಅದು ಬೀಳಬಹುದು ಎಂಬ ಯೋಚನೆಯೇ ನನ್ನ ತಲೆಗೆ ಬಂದಿರಲಿಲ್ಲ. ಲಿಫ್ಟಿನ ಪಕ್ಕ ತೂಗುವ ಚೌಕಟ್ಟು ಯಾವ ಮಾನ್ಯತೆ? ಯಾರೂ ಲೆಕ್ಕ ಕೇಳದಿರುವುದು ಮಾನ್ಯತೆ. "ಕಳೆದ ವರ್ಷದಂತೆ" ಎಂಬ ಎರಡು ಪದ ಮರಕ್ಕಿದ್ದವು, ಮೆನೋರಾಕ್ಕೆ ಇರಲಿಲ್ಲ.

ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಮರದ ಲೆಕ್ಕ ಮಾಡಿದೆ, ಮೆನೋರಾಕ್ಕೆ ಬಳಸಿದ ಅದೇ ವಿಧಾನದಲ್ಲಿ. ಕೊಂಬೆಗಳ ನಡುವಿನ ಸಂದುಗಳನ್ನೆಲ್ಲ ಮುಚ್ಚಿ ಒಂದೇ ಗಟ್ಟಿ ತ್ರಿಕೋನ ಮಾಡಿದೆ. ಬುಡದ ದಿಮ್ಮಿಗಳ ಭಾರ ಹಾಕಿದೆ. ಲೆಕ್ಕದಲ್ಲಿ ಮರ ಮೆನೋರಾಕ್ಕಿಂತ ಮೊದಲು ಬಿತ್ತು. ಕುರ್ಚಿಯಲ್ಲಿ ಒರಗಿ ಒಬ್ಬನೇ ನಕ್ಕೆ. ಬಹಳ ದಿನಗಳ ಮೇಲೆ ಬಂದ ನಗು, ಅದರಲ್ಲಿ ಸಂತೋಷ ಕಡಿಮೆಯೇ ಇತ್ತು.

ಬುಧವಾರ ಪಾರ್ಕ್ ರಾಯಲ್‌ಗೆ ಹೋದೆ. ಒಂದು ಕಡೆ ಬ್ರೆಡ್ಡಿನ ಕಾರ್ಖಾನೆ, ಇನ್ನೊಂದು ಕಡೆ ಲಾರಿಗಳ ಸಾಲು, ನಡುವಿನ ಶೆಡ್ಡಿನಲ್ಲಿ ಆ ಚೌಕಟ್ಟು. ಬಾಗಿಲ ಬೆಳಕಿಗೆ ಎದುರಾಗಿ ನಿಂತಿದ್ದರಿಂದ ಅದರ ಕೈಗಳ ನಡುವೆ ಆಚೆಯ ಲಾರಿಗಳ ನಂಬರ್ ಪ್ಲೇಟು ಓದಬಹುದಾಗಿತ್ತು. ನಾನು ಗಟ್ಟಿ ತಗಡು ಎಂದು ಬರೆದದ್ದು ಇದನ್ನೇ. ಟೇಪು ಹಿಡಿದು ಪ್ರತಿ ಕೊಳವೆಯ ದಪ್ಪ ಅಳೆದೆ. ಬುಡದ ಚೌಕಟ್ಟಿನ ಅಗಲ ಬರೆದುಕೊಂಡೆ. ದಿಮ್ಮಿಗಳನ್ನು ಒಂದೊಂದಾಗಿ ಕ್ರೇನಿನ ತಕ್ಕಡಿಗೆ ನೇತುಹಾಕಿ ತೂಗಿಸಿದೆ. ಬೆಸುಗೆಗಳನ್ನು ಟಾರ್ಚ್ ಹಾಕಿ ನೋಡಿದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಲೆಕ್ಕ ಸರಿಯಾಗಿ ಹಾಕಿದಾಗ ಎರಡಕ್ಕಿಂತ ತುಸು ಹೆಚ್ಚೇ ಬಂತು. ಮುದುಕರ ಪೆನ್ಸಿಲ್ ತಪ್ಪಿರಲಿಲ್ಲ.

ಅಲ್ಲಿನ ಕೆಲಸಗಾರರು ಇನ್ನೊಂದು ಸಾಧನೆ ಮಾಡಿದ್ದರು. ವರ್ಷವಿಡೀ ಕ್ರಿಸ್ಮಸ್ ದೀಪಗಳ ಕೆಲಸ ಮಾಡುವ ತಂಡ ಅದು. ಮೇಯರ್ ಒಂದು ಗುಂಡಿ ಒತ್ತಿದರೆ ಇಡೀ ಬೀದಿ ಝಗ್ಗೆನ್ನಬೇಕು, ಅವರಿಗೆ ಗೊತ್ತಿರುವುದು ಅಷ್ಟೇ. ಒಂಬತ್ತು ದೀಪವನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿಬಿಟ್ಟಿದ್ದರು. ಹೆಮ್ಮೆಯಿಂದ ಒತ್ತಿ ತೋರಿಸಿದರು. ಎಂಟು ದಿನದ ಹಬ್ಬ ಒಂದು ಸೆಕೆಂಡಿನಲ್ಲಿ ಮುಗಿಯಿತು. ಪ್ರತಿ ದೀಪಕ್ಕೂ ಬೇರೆ ತಂತಿ, ಬೇರೆ ಸ್ವಿಚ್ ಎಂದು ಬರೆಸಿ ಬಂದೆ. ಆಮೇಲೆ ಇದನ್ನು ಕೇಳಿದ ನಮ್ಮ ಮುಖ್ಯಸ್ಥೆ, "ಒಂಬತ್ತೂ ಒಟ್ಟಿಗೆ ಹತ್ತಿದರೆ ಫೋಟೋ ಚೆನ್ನಾಗಿ ಬರುವುದಿಲ್ಲವೇ?" ಎಂದು ಕೇಳಿದ್ದುಂಟು.

ಆದರೆ ಅದಕ್ಕೆ ಮೊದಲು ಅವರ ಕೋಣೆಯಲ್ಲಿ ನಡೆದದ್ದನ್ನು ಹೇಳಬೇಕು. ಗುರುವಾರ ಎರಡು ವರದಿ ಹಿಡಿದು ಹೋದೆ.

"ಇದು ಮೆನೋರಾದ ತಿದ್ದಿದ ವರದಿ. ಸುರಕ್ಷಿತ. ಗಾಳಿ ಜೋರಾದ ದಿನ ಸುತ್ತ ಬೇಲಿ ಹಾಕಬೇಕು, ಅಷ್ಟೇ" ಎಂದೆ.

ಅವರ ಮುಖ ಬಿಗಿಯಿತು. "ಮೊದಲ ವರದಿ ಹೋಗಿಯಾಯಿತಲ್ಲ. ಈಗ ತಿದ್ದಿದರೆ ನಾವು ದಡ್ಡರಂತೆ ಕಾಣುತ್ತೇವೆ. ನಿಮ್ಮ ಸಂದರ್ಶನ ಬೇರೆ ಹತ್ತಿರದಲ್ಲಿದೆ, ಇಂಥ ಸಮಯದಲ್ಲಿ ಯೋಚನೆ ಮಾಡಿ."

"ಮೊದಲ ವರದಿಯೇ ಇರಲಿ ಎಂದರೆ ಇರಲಿ" ಎಂದೆ. "ಆಗ ಈ ಎರಡನೆಯದನ್ನೂ ಸ್ವೀಕರಿಸಬೇಕು. ಅದೇ ವಿಧಾನದಲ್ಲಿ ಮಾಡಿದ ಕ್ರಿಸ್ಮಸ್ ಮರದ ಲೆಕ್ಕ. ಮರ ನಿಲ್ಲುವುದಿಲ್ಲ. ಶನಿವಾರದ ಒಳಗೆ ಇಳಿಸಬೇಕೆಂದು ಬರೆದಿದ್ದೇನೆ. ಸಹಿ ಹಾಕಿದ್ದೇನೆ."

ಕಿಟಕಿಯ ಕೆಳಗೆ ಚೌಕದಲ್ಲಿ ಮರ ಆಗಲೇ ನಿಂತಿತ್ತು. ತುದಿಗೆ ನಕ್ಷತ್ರ ಕಟ್ಟಲು ಏಣಿಯ ಲಾರಿ ಬಂದಿತ್ತು. ಅವರು ಒಮ್ಮೆ ಮರವನ್ನು, ಒಮ್ಮೆ ನನ್ನನ್ನು ನೋಡಿದರು.

"ಮರ ಇಳಿಸುವುದೇ? ಡಿಸೆಂಬರಿನಲ್ಲಿ? ನಿಮಗೆ ತಲೆ ಕೆಟ್ಟಿದೆಯೇ? ಪೇಪರಿನವರು ನಮ್ಮನ್ನು ಹರಿದು ತಿನ್ನುತ್ತಾರೆ. ನೀವೇ ಕ್ರೈಸ್ತರಲ್ಲವೇ?"

"ಗಾಳಿಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದೆ. "ಸಂದು ಮುಚ್ಚಿ ಲೆಕ್ಕ ಹಾಕಿದರೆ ಎರಡೂ ಬೀಳುತ್ತವೆ. ಸಂದುಗಳನ್ನು ಇದ್ದ ಹಾಗೇ ಬಿಟ್ಟು ಲೆಕ್ಕ ಹಾಕಿದರೆ ಎರಡೂ ನಿಲ್ಲುತ್ತವೆ. ಯಾವುದು ಬೇಕು ಎಂದು ನೀವು ಬರೆದು ಕೊಡಿ."

ಬರೆದು ಕೊಡಿ ಎಂಬ ಮಾತಿಗೆ ಈ ಕಟ್ಟಡದಲ್ಲಿ ಹೆದರದವರಿಲ್ಲ. ಅವರು ಮರದ ವರದಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಬಾಲ ಹಿಡಿದು ಕೊಡುವಂತೆ ನನಗೆ ವಾಪಸ್ ಕೊಟ್ಟರು. ಮೆನೋರಾದ ತಿದ್ದಿದ ವರದಿಯನ್ನು ಇಟ್ಟುಕೊಂಡರು. "ಸಮಿತಿಗೆ ಕಳುಹಿಸುತ್ತೇನೆ" ಎಂದರು, ನನ್ನ ಮುಖ ನೋಡದೆ.

ಸಮಿತಿಯಲ್ಲಿ ಆರು ನಿಮಿಷ ಚರ್ಚೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಬೇಸಿಗೆಯಲ್ಲಿ ಗಂಟಲು ತುಂಬಿಸಿಕೊಂಡವರು ಈಗ ಫೋನು ನೋಡುತ್ತ ಕೈ ಎತ್ತಿದರು. ಅನುಮತಿ ಸಿಕ್ಕಿತು. ನಿಯಮದಂತೆ ತಿದ್ದಿದ ವರದಿಯ ಜೊತೆ ಹಳೆಯದನ್ನೂ, ಎರಡರ ಲೆಕ್ಕದ ಹಾಳೆಗಳನ್ನೂ ಲಗತ್ತಿಸಿ ಅರ್ಜಿದಾರರಿಗೆ ಕಳುಹಿಸಿದೆ. ಮುದುಕರು ಕೇಳಿದ್ದ ಹಾಳೆಯೂ ಅದರಲ್ಲಿತ್ತು.

ಮೊದಲ ದೀಪದ ಸಂಜೆ ಬಂತು. ನಾಲ್ಕು ಗಂಟೆಗೇ ಕತ್ತಲಾಗಿತ್ತು. ಚೌಕದಲ್ಲಿ ಒಂದು ಕಡೆ ಮರ, ಒಂದು ಕಡೆ ಮೆನೋರಾ. ಜನ ಸೇರಿದ್ದರು, ಮಕ್ಕಳ ಕೈಯಲ್ಲಿ ಜಾಮ್ ತುಂಬಿದ ಡೋನಟ್ಟು. ಯಾರೂ ಬಣ್ಣ ಎರಚಲಿಲ್ಲ. ಬಸ್ಸಿಗೆ ಕಾಯುತ್ತಿದ್ದವರು ತಲೆ ಎತ್ತಿ ನೋಡಿ ಮತ್ತೆ ಫೋನಿಗೆ ಇಳಿದರು. ಇಷ್ಟಕ್ಕೇ ಆ ಮೂರು ವಾರದ ಹೆದರಿಕೆ! ನಮ್ಮ ಮುಖ್ಯಸ್ಥೆ ಹೊಸ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಮೈಕಿನಲ್ಲಿ, "ಈ ಬೆಳಕಿಗೆ ನಮ್ಮ ಚೌಕದಲ್ಲಿ ಜಾಗ ಕೊಡುವ ವಿಷಯದಲ್ಲಿ ನಾವು ಎಂದೂ ಹಿಂಜರಿದವರಲ್ಲ" ಎಂದರು. ಪಕ್ಕದಲ್ಲಿದ್ದ ಮಂಡ್ಯದವಳು, "ಅಯ್ಯೋ ಇವ್ಳ್ ಬಾಯಿಗೆ" ಎಂದು ಗೊಣಗಿದ್ದು ನನಗೆ ಮಾತ್ರ ಅರ್ಥವಾಯಿತು.

ರಬ್ಬಿ, ಅಂದರೆ ಅವರ ಗುರುಗಳು, ಪ್ರಾರ್ಥನೆ ಹೇಳಿ ನಡುವಿನ ದೀಪದ ಸ್ವಿಚ್ ಒತ್ತಿದರು. ಆಮೇಲೆ ಬಲತುದಿಯದು. ಎರಡೇ ಬೆಳಕು, ಉಳಿದ ಏಳು ಕತ್ತಲೆ. ಜನ ಹಾಡತೊಡಗಿದರು.

ಮುದುಕರು ವೇದಿಕೆಯ ಹತ್ತಿರ ಎಲ್ಲೂ ಇರಲಿಲ್ಲ. ಮೆನೋರಾದ ಹಿಂದೆ, ಬುಡದ ಬಳಿ ನಿಂತು, ದಿಮ್ಮಿಗಳನ್ನು ಕೋಲಿನಿಂದ ಮುಟ್ಟಿ ಎಣಿಸುತ್ತಿದ್ದರು. ನನ್ನನ್ನು ನೋಡಿ ಕೈಸನ್ನೆ ಮಾಡಿ ಕರೆದರು.

"ಎರಡೂ ಲೆಕ್ಕ ನೋಡಿದೆ" ಎಂದರು. "ಮೊದಲನೆಯದರಲ್ಲಿ ಕೈಗಳನ್ನು ಗೋಡೆ ಎಂದು ಹಿಡಿದಿದ್ದಿರಿ. ಅವಸರದಲ್ಲಿ ಹಾಗಾಗುತ್ತದೆ. ನನ್ನ ಕೈಕೆಳಗಿನ ಹುಡುಗರೂ ಮಾಡುತ್ತಿದ್ದರು."

ದಾರಿ ತೆರೆದುಕೊಟ್ಟಿದ್ದರು. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ತಲೆ ಆಡಲಿಲ್ಲ.

"ಅವಸರ ಅಲ್ಲ" ಎಂದೆ. "ಬೇಕೆಂದೇ ಮಾಡಿದ್ದು. ಬೇಡ ಎನ್ನಲು ಕಾರಣ ಬೇಕಾಗಿತ್ತು, ನಾನು ಮಾಡಿಕೊಟ್ಟೆ."

ಅವರು ದಿಮ್ಮಿಯ ಮೇಲಿಟ್ಟ ಕೋಲನ್ನು ಎತ್ತಲಿಲ್ಲ.

"ಗೊತ್ತು" ಎಂದರು. "ತಪ್ಪಿ ಮಾಡಿದವರ ಲೆಕ್ಕ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ."

ಪರವಾಗಿಲ್ಲ ಎನ್ನಲಿಲ್ಲ, ಕೈ ಕುಲುಕಲಿಲ್ಲ. ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತ, "ನಾಳೆ ಗಾಳಿ ಜೋರಂತೆ. ಬೆಳಿಗ್ಗೆ ಬಂದು ಬೋಲ್ಟ್ ನೋಡಿ. ಈ ಸಲ ನೋಡಿ ಆಮೇಲೆ ಬರೆಯಿರಿ" ಎಂದು ಹೇಳಿ ಜನರ ನಡುವೆ ಹೊರಟುಹೋದರು.

ಮರುದಿನ ಎಂಟು ಗಂಟೆಗೆ ಸ್ಪ್ಯಾನರ್ ಹಿಡಿದು ಚೌಕಕ್ಕೆ ಹೋದೆ. ಗಾಳಿ ಆಗಲೇ ಎದ್ದಿತ್ತು. ಮೆನೋರಾದ ಹದಿನಾರು ಬೋಲ್ಟುಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ, ಎಲ್ಲ ಬಿಗಿಯಾಗಿದ್ದವು. ಬರೆದುಕೊಂಡೆ. ಸ್ಪ್ಯಾನರ್ ಕೈಯಲ್ಲೇ ಇದ್ದುದರಿಂದ ಪಕ್ಕದ ಮರದ ಬುಡಕ್ಕೂ ಹೋಗಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಲ್ಲಿ ಮೊಣಕಾಲೂರಿದೆ. ಮರದ ಎರಡು ಬೋಲ್ಟು ಬೆರಳಿಗೇ ತಿರುಗಿದವು.